ಉಗ್ರಾಣವನ್ನೇ ಒಲೆಯ ಮೇಲಿಡುವುದೇ?



ಇಂದಿನ ದಿನಮಾನಗಳಲ್ಲಿ ಇಬ್ಬರು ಸದ್ಭಕ್ತರು ಎದುರಾದರೆ ಕ್ಷೇಮಸಮಾಚಾರಕ್ಕಿಂತ ಮೊದಲು ಹೊರಡುವ ಮಾತೊಂದುಂಟು: ‘ಕೆಲಸ ಬಹಳ, ಪುರುಸೊತ್ತೇ ಇಲ್ಲ.’ ಹಿಂದೆ ಇದನ್ನು ಸಂಕೋಚದಿಂದ ಹೇಳುತ್ತಿದ್ದರು. ಈಗ ಹೆಮ್ಮೆಯಿಂದ ಹೇಳುತ್ತಾರೆ. ಅಂಗಿಯ ಜೇಬಿನಲ್ಲಿ ಚೀಟಿ, ಮೇಜಿನ ಮೇಲೆ ದಿನಚರಿಯ ಪುಸ್ತಕ, ಕೈಯಲ್ಲಿ ಮೊಬೈಲ್. ಮೂರರಲ್ಲಿಯೂ ಮಾಡಬೇಕಾದ ಕೆಲಸಗಳ ಪಟ್ಟಿ. ಪಟ್ಟಿ ಉದ್ದವಾದಷ್ಟೂ ಅದರ ಒಡೆಯನು ತನ್ನನ್ನು ದೊಡ್ಡ ಕಾಯಕಜೀವಿಯೆಂದು ಭಾವಿಸಿಕೊಳ್ಳುತ್ತಾನೆ. ರಾತ್ರಿ ಮಲಗಿದಾಗ ಅದೇ ಪಟ್ಟಿ ಬೀಸುವ ಕಲ್ಲಿನಂತೆ ಎದೆಯ ಮೇಲೆ ಕುಳಿತುಕೊಳ್ಳುತ್ತದೆ.

ಕೆಲವು ತಿಂಗಳ ಹಿಂದೆ, ಈ ಮಠದ ಪ್ರಸಾದ ನಿಲಯದಲ್ಲಿ ಓದಿ ಈಗ ಪ್ರೌಢಶಾಲೆಯಲ್ಲಿ ಅಧ್ಯಾಪಕರಾಗಿರುವ ಹಳೆಯ ವಿದ್ಯಾರ್ಥಿಯೊಬ್ಬರು ತಮ್ಮ ದಿನಚರಿಯ ಪುಸ್ತಕವನ್ನು ನನ್ನ ಮುಂದಿಟ್ಟು, ‘ಗುರುಗಳೇ, ಇದನ್ನು ತೆರೆಯುವುದಕ್ಕೇ ಭಯವಾಗುತ್ತದೆ’ ಎಂದರು. ಎಣಿಸಿ ನೋಡಿದೆ, ಅರವತ್ತೊಂದು ಬಾಬುಗಳಿದ್ದವು. ಅಡಿಗೆಮನೆಯ ನಲ್ಲಿಯ ದುರಸ್ತಿ, ವಿಮೆಯ ಕಂತು, ಉತ್ತರ ಪತ್ರಿಕೆಗಳ ಮೌಲ್ಯಮಾಪನ, ತಂಗಿಯ ಮಗಳಿಗೆ ವರಾನ್ವೇಷಣೆ, ಸಮಸ್ತ ಶರಣರ ವಚನಗಳನ್ನು ಆದ್ಯಂತವಾಗಿ ಓದಿ ಮುಗಿಸುವುದು. ಹೀಗೆ ಸಾಲುಸಾಲಾಗಿ ಬರೆದಿದ್ದರು. ಒಂದು ಕಡೆ ‘ಆರೋಗ್ಯ’ ಎಂದಷ್ಟೇ ಇತ್ತು, ಇನ್ನೊಂದು ಕಡೆ ‘ಮನೆ’ ಎಂದಷ್ಟೇ ಇತ್ತು. ಇವೆಲ್ಲದರ ನಡುವೆ ‘ಅಪ್ಪನ ಕಣ್ಣು ತೋರಿಸುವುದು’ ಎಂಬ ಸಾಲು. ಪುಟಗಳನ್ನು ಹಿಂದಕ್ಕೆ ತಿರುವಿದಾಗ ಆ ಸಾಲು ಐದು ತಿಂಗಳುಗಳಿಂದ ಒಂದು ಪುಟದಿಂದ ಮತ್ತೊಂದು ಪುಟಕ್ಕೆ ನಕಲಾಗುತ್ತಲೇ ಬಂದಿರುವುದು ಕಂಡುಬಂದಿತು. ಪಿತೃಭಕ್ತಿಯಲ್ಲಿ ಅವರಿಗೆ ಕೊರತೆಯಿರಲಿಲ್ಲ, ಸೋಮಾರಿತನವಂತೂ ಅವರ ಬಳಿ ಸುಳಿದುದಿಲ್ಲ. ಅರವತ್ತು ಕೆಲಸಗಳ ಸಂತೆಯಲ್ಲಿ ಆ ಒಂದು ಕೆಲಸದ ದನಿ ಅವರಿಗೆ ಕೇಳಿಸದೇ ಹೋಗಿತ್ತು, ಅಷ್ಟೆ.

ಈ ಸಂಗತಿಯೇ ಈ ಲೇಖನಕ್ಕೆ ಕಾರಣ. ಒಂದು ದಿನದಲ್ಲಿ ಮಾಡಲಾಗದಷ್ಟನ್ನು ಆ ದಿನದ ಹೆಸರಿನಲ್ಲಿ ಬರೆದಿಟ್ಟುಕೊಳ್ಳುವುದು ಕಾಯಕವಾಗಲಾರದು, ಅದು ಸಂಗ್ರಹ. ಧನಧಾನ್ಯಗಳ ಸಂಗ್ರಹವನ್ನು ನಿಂದಿಸುವ ನಾವು ಕೆಲಸಗಳ ಸಂಗ್ರಹವನ್ನು ಸದ್ಗುಣವೆಂದು ಪೂಜಿಸುತ್ತಿದ್ದೇವೆ. ಈ ಭ್ರಾಂತಿ ತೊಲಗಬೇಕು.

ಇದಕ್ಕೆ ಬರುವ ಮೊದಲನೆಯ ಆಕ್ಷೇಪ ನಮ್ಮ ವೇದಿಕೆಗಳಿಂದಲೇ ಬರುತ್ತದೆ. ಕಾಯಕವೆಂದರೆ ದುಡಿಮೆ, ಹೆಚ್ಚು ದುಡಿದವನೇ ಹೆಚ್ಚಿನ ಶರಣ, ಆದುದರಿಂದ ಪಟ್ಟಿ ಬೆಳೆಯುವುದೇ ಲೇಸು ಎಂದು ವಾದಿಸುವವರುಂಟು. ಇಂತಹವರು ಆಯ್ದಕ್ಕಿ ಮಾರಯ್ಯ ದಂಪತಿಗಳ ಕಥೆಯನ್ನು ಅರ್ಧಕ್ಕೇ ಬಿಟ್ಟವರು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ, ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮ ದಾಸೋಹವನ್ನು ನಡೆಸುತ್ತಿದ್ದ ಮಾರಯ್ಯನವರು ಒಂದು ದಿನ ನಿತ್ಯದ ಪ್ರಮಾಣಕ್ಕಿಂತ ಹೆಚ್ಚಿನ ಅಕ್ಕಿಯನ್ನು ಮನೆಗೆ ತಂದರು. ಲಕ್ಕಮ್ಮನವರು ಅದನ್ನು ಒಪ್ಪಲಿಲ್ಲ. ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರುವಂತೆ ಪತಿಗೆ ಹೇಳಿದರು. ಅದು ಕದ್ದ ಅಕ್ಕಿಯಲ್ಲ. ಬೆವರು ಸುರಿಸಿ ಆಯ್ದ ಅಕ್ಕಿಯೇ. ಅದರ ವಿನಿಯೋಗವೂ ದಾಸೋಹಕ್ಕೇ ಆಗುತ್ತಿತ್ತು. ಆದರೂ ಅಂದಿಗೆ ಬೇಕಾದುದಕ್ಕಿಂತ ಹೆಚ್ಚು ಎಂಬ ಒಂದೇ ಕಾರಣದಿಂದ ಆ ಮಹಾತಾಯಿ ಅದನ್ನು ಹೊಸ್ತಿಲೊಳಕ್ಕೆ ಬಿಟ್ಟುಕೊಳ್ಳಲಿಲ್ಲ.

ಅದೇ ಲಕ್ಕಮ್ಮನವರು, ಮಾರಯ್ಯನವರು ಶರಣರ ಗೋಷ್ಠಿಯಲ್ಲಿ ಮೈಮರೆತು ಕುಳಿತಾಗ ಕಾಯಕದ ವೇಳೆ ಮೀರಿತೆಂದು ನೆನಪು ಮಾಡಿ ಎಬ್ಬಿಸಿದವರೂ ಹೌದು. ಕಾಯಕ ಕಡಿಮೆಯಾದರೆ ಎಚ್ಚರಿಸಿದರು, ಅಳತೆ ಮೀರಿದರೆ ತಡೆದರು. ಕಾಯಕಕ್ಕೆ ಕೆಳಗೊಂದು, ಮೇಲೊಂದು ಎಂದು ಎರಡು ಗೆರೆಗಳಿವೆ. ನಾವು ಕೆಳಗಿನ ಗೆರೆಯನ್ನು ಮಾತ್ರ ಭಾಷಣಗಳಲ್ಲಿ ಎಳೆಯುತ್ತೇವೆ, ಮೇಲಿನದನ್ನು ಅಳಿಸಿಬಿಟ್ಟಿದ್ದೇವೆ.

‘ದೊಡ್ಡವರು ಎಷ್ಟೊಂದು ಕೆಲಸಗಳನ್ನು ಮಾಡಲಿಲ್ಲವೇ?’ ಎಂದು ಕೆಲವರು ಕೇಳಬಹುದು. ಮಾಡಿದರು, ನಿಜ. ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳು (1907–2019) ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನಿತ್ತುದು ನಾಡಿಗೆಲ್ಲ ತಿಳಿದ ಸಂಗತಿ. ಆದರೆ ಅಂತಹ ಮಹಾಕಾರ್ಯಗಳು ಒಬ್ಬರ ಜೇಬಿನ ಚೀಟಿಯಿಂದ ನಡೆಯುವುದಿಲ್ಲ. ಬೆಳಗಿನ ಗಂಟೆ, ಪ್ರಾರ್ಥನೆಯ ಗಂಟೆ, ಪಾಠದ ಗಂಟೆ, ಪ್ರಸಾದದ ಗಂಟೆ ಎಂದು ದಿನವು ಹಂಚಿಹೋಗಿರುತ್ತದೆ. ಕೆಲಸಗಳು ನೂರಾರು ಕೈಗಳಿಗೆ ಹಂಚಿಹೋಗಿರುತ್ತವೆ. ಆ ಹಂಚಿಕೆಯನ್ನು ಬಿಟ್ಟು ಎಣಿಕೆಯನ್ನು ಮಾತ್ರ ಅನುಕರಿಸಿದರೆ ದೊಡ್ಡವರ ಹಾದಿಯಲ್ಲಿ ನಡೆದಂತಾಗುವುದಿಲ್ಲ.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದುದು. ‘ಬರೆಯದಿದ್ದರೆ ಮರೆತುಹೋಗುತ್ತದೆ, ಅದಕ್ಕಾಗಿ ಎಲ್ಲವನ್ನೂ ಬರೆಯುತ್ತೇವೆ’ ಎನ್ನುವವರು ತಪ್ಪು ಹೇಳುತ್ತಿಲ್ಲ. ಬರೆಯಬೇಕಾದುದೇ. ಬ್ಲೂಮಾ ಜೈಗಾರ್ನಿಕ್ ಎಂಬ ವಿದುಷಿ ಬರ್ಲಿನ್ನಿನಲ್ಲಿ ನಡೆಸಿ 1927ರಲ್ಲಿ ಪ್ರಕಟಿಸಿದ ಪರೀಕ್ಷೆಗಳಲ್ಲಿ ಜನರಿಗೆ ಸಣ್ಣಸಣ್ಣ ಕೆಲಸಗಳನ್ನು ಕೊಟ್ಟು, ಕೆಲವನ್ನು ನಡುವೆಯೇ ನಿಲ್ಲಿಸಿದರು. ಮುಗಿದ ಕೆಲಸಗಳಿಗಿಂತ ಅರ್ಧಕ್ಕೆ ನಿಂತವೇ ಅವರ ನೆನಪಿನಲ್ಲಿ ಹೆಚ್ಚಾಗಿ ಉಳಿದವು. ಆಮೇಲೆ ಪರೀಕ್ಷಿಸಿದವರಿಗೆಲ್ಲ ಇದೇ ಫಲ ದೊರಕಲಿಲ್ಲವೆಂಬುದು ನಿಜ. ಆದರೂ ಮುಗಿಯದ ಕೆಲಸ ಮನಸ್ಸಿನ ಬಾಗಿಲು ತಟ್ಟುವುದನ್ನು ಅನುಭವಿಸದವರು ಯಾರಿದ್ದಾರೆ? 2011ರಲ್ಲಿ ಅಮೆರಿಕೆಯ ಮ್ಯಾಸಿಕಾಂಪೋ ಮತ್ತು ಬೌಮೈಸ್ಟರ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಮತ್ತೊಂದು ಅಂಶವನ್ನು ತೋರಿಸಿದರು. ಮುಗಿಯದ ಕೆಲಸ ಓದಿನ ನಡುವೆ ನುಗ್ಗಿ ಕಾಡುತ್ತದೆ. ಆದರೆ ಅದನ್ನು ಹೇಗೆ, ಯಾವಾಗ ಮಾಡುವೆನೆಂದು ಖಚಿತವಾಗಿ ಗೊತ್ತುಮಾಡಿಕೊಂಡವರಲ್ಲಿ, ಕೆಲಸ ಇನ್ನೂ ಆಗದಿದ್ದರೂ, ಆ ಕಾಟ ತಗ್ಗುತ್ತದೆ.

ಇದರಿಂದ ತಿಳಿಯತಕ್ಕದ್ದೇನು? ‘ಆರೋಗ್ಯ’ ಎಂದು ಬರೆದರೆ ಮನಸ್ಸಿಗೆ ಬಿಡುಗಡೆಯಿಲ್ಲ. ‘ಗುರುವಾರ ಬೆಳಿಗ್ಗೆ ಸಕ್ಕರೆಯ ಅಂಶ ಪರೀಕ್ಷಿಸಲು ರಕ್ತ ಕೊಡುವುದು’ ಎಂದು ಬರೆದರೆ ಬಿಡುಗಡೆಯುಂಟು. ನಮ್ಮ ಪಟ್ಟಿಗಳಲ್ಲಿರುವ ಬಹುಪಾಲು ಸಾಲುಗಳು ಕೆಲಸಗಳಲ್ಲ. ಆಸೆಗಳು, ಅಂಜಿಕೆಗಳು, ಶಿರೋನಾಮೆಗಳು. ಕಾಲವನ್ನೂ ಮೊದಲ ಹೆಜ್ಜೆಯನ್ನೂ ಹೇಳದ ಸಾಲು, ಎಷ್ಟು ಅಂದವಾಗಿ ಬರೆದರೂ, ಸಾಲವಾಗಿಯೇ ಉಳಿಯುತ್ತದೆ.

ಎಲ್ಲವನ್ನೂ ಬರೆಯಬೇಕು, ಆದರೆ ಎಲ್ಲವನ್ನೂ ಹೊರಬಾರದು. ಇದು ಸಾಧ್ಯವೇ? ಸಾಧ್ಯವೆಂಬುದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ದಾಸೋಹದ ಅಡಿಗೆಮನೆಗೆ ಹೋದರೆ ಸಾಕು. ಪ್ರಸಾದ ನಿಲಯದಲ್ಲಿ ಉಂಡು ಬೆಳೆದವರಿಗೆ ಅದರ ಕ್ರಮ ನೆನಪಿರಬಹುದು. ಉಗ್ರಾಣದಲ್ಲಿ ಅಕ್ಕಿ, ಬೇಳೆ, ಬೆಲ್ಲಗಳ ಮೂಟೆಗಳು ಸೂರಿನವರೆಗೆ ಇರುತ್ತವೆ. ಸುಗ್ಗಿಯಲ್ಲಿ ಭಕ್ತರ ಗಾಡಿಗಳು ಬಂದಾಗ ಉಗ್ರಾಣದವರು ಯಾವುದನ್ನೂ ಬೇಡವೆನ್ನದೆ ಲೆಕ್ಕದ ಪುಸ್ತಕದಲ್ಲಿ ಬರೆದು ಒಳಗಿಡುತ್ತಾರೆ. ಆದರೆ ಒಲೆಯ ಮೇಲೆ ಏರುವುದು ಆ ಹೊತ್ತಿನ ಪಂಕ್ತಿಗೆ ಬೇಕಾದಷ್ಟು ಮಾತ್ರ. ತಲೆ ಎಣಿಸಿ, ಸೇರಿನಿಂದ ಅಳೆದು, ಉಗ್ರಾಣದ ಬಾಗಿಲು ಹಾಕಿಕೊಂಡು ಬರುತ್ತಾರೆ. ಉಗ್ರಾಣದಲ್ಲಿ ನೂರು ಮೂಟೆಗಳಿರುವುದರಿಂದ ಅಡಿಗೆಯವನಿಗೆ ಭಯವಾಗುವುದಿಲ್ಲ, ಧೈರ್ಯವೇ ಬರುತ್ತದೆ. ಅದೇ ನೂರು ಮೂಟೆಗಳನ್ನು ಒಲೆಯ ಸುತ್ತ ಒಟ್ಟಿ, ಎಲ್ಲವನ್ನೂ ಇಂದೇ ಬೇಯಿಸು ಎಂದರೆ ಅವನು ಕಂಗೆಟ್ಟು ಓಡಿಹೋಗುತ್ತಾನೆ. ಒಂದು ಕೊಪ್ಪರಿಗೆ ಅನ್ನವೂ ಬೇಯುವುದಿಲ್ಲ.

ನಮ್ಮ ಅಧ್ಯಾಪಕರ ಪುಸ್ತಕದಲ್ಲಿ ಉಗ್ರಾಣವೂ ಒಲೆಯೂ ಒಂದೇ ಆಗಿದ್ದವು. ಬೇಕಾದುದು ಎರಡು ಪಟ್ಟಿಗಳು. ಒಂದು ಉಗ್ರಾಣದ ಪಟ್ಟಿ. ಅದು ಎಷ್ಟು ಉದ್ದವಿದ್ದರೂ ಚಿಂತೆಯಿಲ್ಲ, ಅದನ್ನು ದಿನವೂ ನೋಡಬೇಕಾಗಿಲ್ಲ. ಇನ್ನೊಂದು ಒಲೆಯ ಪಟ್ಟಿ. ಅದು ಇಂದಿನದು ಮಾತ್ರ, ಅಂಗೈಯಗಲದ ಚೀಟಿಯಲ್ಲಿ ಹಿಡಿಸುವಂತಹುದು.

ಒಲೆಯ ಪಟ್ಟಿಯಲ್ಲಿ ಎಷ್ಟಿರಬೇಕು? ಲೆಕ್ಕ ಹಾಕಿಯೇ ನೋಡೋಣ. ನೌಕರಿಯಲ್ಲಿರುವ ಒಬ್ಬ ಭಕ್ತನಿಗೆ 24 ಗಂಟೆಗಳಲ್ಲಿ ನಿದ್ರೆಗೆ 7, ಹೋಗಿಬರುವುದೂ ಸೇರಿ ಕಛೇರಿಗೆ 10, ಸ್ನಾನ, ಲಿಂಗಪೂಜೆ, ಊಟ, ಮನೆವಾರ್ತೆಗಳಿಗೆ 4 ಗಂಟೆಗಳನ್ನು ಕಳೆದರೆ ಉಳಿಯುವುದು 3. ಅದರಲ್ಲಿ ಬಂದವರು ಹೋದವರು, ದೂರವಾಣಿ, ಅನಿರೀಕ್ಷಿತಗಳಿಗೆ ಒಂದು ಗಂಟೆ ಹೋಗುತ್ತದೆ. ಮಿಕ್ಕಿದುದು ಎರಡು ಗಂಟೆಗಳು. ಒಂದೊಂದು ಕೆಲಸಕ್ಕೆ ಅರ್ಧ ಗಂಟೆಯೆಂದರೂ ನಾಲ್ಕು ಕೆಲಸಗಳಾದವು. ಆದರೆ ನಮ್ಮ ಅಂದಾಜುಗಳನ್ನು ನಂಬಲಾಗದು. 1994ರಲ್ಲಿ ಬ್ಯೂಲರ್, ಗ್ರಿಫಿನ್, ರಾಸ್ ಎಂಬ ಸಂಶೋಧಕರು ಕೆನಡಾದ ವಿದ್ಯಾರ್ಥಿಗಳನ್ನು ತಮ್ಮ ಪ್ರಬಂಧ ಎಂದು ಮುಗಿಯುವುದೆಂದು ಕೇಳಿದಾಗ ಸರಾಸರಿ 34 ದಿನಗಳೆಂಬ ಉತ್ತರ ಬಂದಿತು. ವಾಸ್ತವವಾಗಿ ಹಿಡಿದುದು ಸರಾಸರಿ 55 ದಿನಗಳಿಗೂ ಹೆಚ್ಚು. ಪ್ರಬಂಧ ಬೇರೆ, ಮನೆಗೆಲಸ ಬೇರೆ, ಒಪ್ಪಿದೆ. ಆದರೆ ಅಂದಾಜಿನಲ್ಲಿ ಎಡವುವ ಮನುಷ್ಯ ಒಬ್ಬನೇ. ಅದೇ ಪ್ರಮಾಣವನ್ನು ಹಿಡಿದರೆ ಅರ್ಧ ಗಂಟೆಯ ಕೆಲಸಕ್ಕೆ ಸುಮಾರು ಐವತ್ತು ನಿಮಿಷಗಳು ಬೇಕು. ಎರಡು ಗಂಟೆಗಳಲ್ಲಿ ಆಗುವುದು ಎರಡು ಕೆಲಸಗಳು, ಹೆಚ್ಚೆಂದರೆ ಮೂರು. ಆದುದರಿಂದ ಮೂರಕ್ಕಿಂತ ಹೆಚ್ಚು ಬರೆಯಬೇಡಿ. ಮೂರೂ ಮುಗಿದು ಹೊತ್ತು ಉಳಿದರೆ ಉಗ್ರಾಣದ ಬಾಗಿಲು ತೆರೆದೇ ಇದೆ, ಮತ್ತೊಂದನ್ನು ತಂದುಕೊಳ್ಳಬಹುದು. ಆ ನಾಲ್ಕನೆಯದು ಸಂತೋಷದ ಕೆಲಸವಾಗುತ್ತದೆ. ಇಪ್ಪತ್ತು ಬರೆದು ನಾಲ್ಕನ್ನು ಮಾಡಿದವನು ಅಷ್ಟೇ ಕೆಲಸ ಮಾಡಿಯೂ ಹದಿನಾರರ ಅಪರಾಧಿಯಾಗಿ ಮಲಗುತ್ತಾನೆ.

ಉಗ್ರಾಣದ ಪಟ್ಟಿಗೂ ಒಂದು ಲೆಕ್ಕವುಂಟು. ಸರದಿಯ ಸಾಲುಗಳ ಬಗೆಗೆ ಜಾನ್ ಲಿಟ್ಲ್ ಎಂಬವರು 1961ರಲ್ಲಿ ಸಾಧಿಸಿ ತೋರಿಸಿದ ನಿಯಮವೊಂದಿದೆ. ಸರದಿಯಲ್ಲಿರುವವರ ಸಂಖ್ಯೆಯನ್ನು ದಿನಕ್ಕೆ ಬಂದು ಹೋಗುವವರ ಸಂಖ್ಯೆಯಿಂದ ಭಾಗಿಸಿದರೆ ಸರಾಸರಿ ಕಾಯುವ ಕಾಲ ತಿಳಿಯುತ್ತದೆ. ಅರವತ್ತು ಕೆಲಸಗಳು ನಿಂತಿದ್ದು, ದಿನಕ್ಕೆ ಮೂರು ಮುಗಿದು ಮೂರು ಹೊಸದಾಗಿ ಸೇರುತ್ತಿದ್ದರೆ ಒಂದೊಂದೂ ಸರಾಸರಿ ಇಪ್ಪತ್ತು ದಿನ ಕಾಯಬೇಕು. ಆದುದರಿಂದ ಇಂದು ಒಪ್ಪಿಕೊಂಡ ಕೆಲಸವನ್ನು ‘ನಾಳೆಯೇ ಮಾಡಿಕೊಡುತ್ತೇನೆ’ ಎಂದು ಮಾತು ಕೊಡುವುದೆಂದರೆ, ಸರದಿಯಲ್ಲಿ ನಿಂತ ಇನ್ನೊಂದನ್ನು ಹಿಂದಕ್ಕೆ ತಳ್ಳುವುದೆಂದೇ ಅರ್ಥ. ಹಾಗೆ ತಳ್ಳಿಸಿಕೊಳ್ಳುವುದು ಯಾವಾಗಲೂ ಗಲಾಟೆ ಮಾಡದ ಕೆಲಸ; ಕೇಳಿ ಪಡೆಯಲು ಸಂಕೋಚಪಡುವ ವೃದ್ಧ ತಂದೆಯ ಕಣ್ಣು.

ಇಲ್ಲಿ ಪಟ್ಟಿಯ ಒಡೆಯನೊಬ್ಬನನ್ನೇ ದೂಷಿಸಿ ಮುಗಿಸಿದರೆ ಅನ್ಯಾಯವಾದೀತು. ಪಟ್ಟಿಯನ್ನು ತುಂಬಿಸುವವರು ಇತರರೂ ಹೌದು. ಹೇಳಲು ಕಹಿಯಾದರೂ ಹೇಳಲೇಬೇಕು: ಈ ದೋಷದಲ್ಲಿ ನಮ್ಮ ಸಂಘಸಂಸ್ಥೆಗಳ ಪಾಲು ದೊಡ್ಡದು. ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ ಕಾರ್ಯದರ್ಶಿ ಬೇಕೆಂದರೆ ಒಬ್ಬರ ಹೆಸರು. ಜಾತ್ರಾ ಸಮಿತಿಗೂ ಅವರೇ. ಸ್ಮರಣ ಸಂಚಿಕೆಗೂ ಅವರೇ. ಬಸವ ಜಯಂತಿಯ ಮೆರವಣಿಗೆಗೂ ಅವರೇ. ಏಕೆ? ಅವರು ಇಲ್ಲವೆನ್ನಲಾರರು. ಒಲ್ಲೆನೆಂದವನನ್ನು ಬಿಟ್ಟು, ಒಲ್ಲೆನೆನ್ನಲಾರದವನ ಬೆನ್ನ ಮೇಲೆ ಹೇರುತ್ತಾ ಹೋಗುವುದು ಸೇವೆಗೆ ಅವಕಾಶ ಕೊಡುವ ಕ್ರಮವಲ್ಲ. ಇದು ಎತ್ತಿನ ಬಾಡಿಗೆ. ಒಬ್ಬರಿಗೆ ಎರಡು ಸಮಿತಿಗಳಿಗಿಂತ ಹೆಚ್ಚಿಲ್ಲವೆಂದು ನಿಯಮ ಮಾಡಿದರೆ ಸಂಘಗಳು ಮುಳುಗಿಹೋಗುವುದಿಲ್ಲ. ಮೂಲೆಯಲ್ಲಿ ಕುಳಿತ ಹತ್ತು ಮಂದಿ ಎದ್ದು ಬರುತ್ತಾರೆ. ಶ್ರೀಮಠದ ಹೆಸರು ಹೇಳಿ ಒಪ್ಪಿಸಿದ ಕೆಲಸವನ್ನು ‘ಕ್ಷಮಿಸಿ, ಈಗಿರುವುದನ್ನು ಮುಗಿಸಿ ಬರುತ್ತೇನೆ’ ಎಂದು ವಿನಯದಿಂದ ಮುಂದೂಡುವ ಭಕ್ತನನ್ನು ಭಕ್ತಿಹೀನನೆಂದು ಯಾರೂ ಭಾವಿಸಬಾರದು. ಒಪ್ಪಿಕೊಂಡು ಕೆಡಿಸುವವನಿಗಿಂತ ಅವನು ನಿಷ್ಠಾವಂತ.

ಮನೆಯೊಳಗೆ ಬರೆಯದ ಪಟ್ಟಿಯೊಂದಿದೆ. ಹಾಲು, ಸೊಪ್ಪು, ಮಕ್ಕಳ ಶುಲ್ಕ, ಅತ್ತೆಯವರ ಮಾತ್ರೆ, ಅತಿಥಿಗಳ ಊಟ, ಬಂಧುಗಳ ಮನೆಯ ಸೀಮಂತ; ಇವೆಲ್ಲವೂ ಮನೆಯ ತಾಯಿಯ ತಲೆಯಲ್ಲಿರುತ್ತವೆ. ‘ನಾನು ಮೂರು ಕೆಲಸಗಳಿಗೆ ಇಳಿಸಿಕೊಂಡೆ, ಮನಸ್ಸು ಹಗುರವಾಯಿತು’ ಎಂದು ಗಂಡಸರು ಹಿಗ್ಗುವ ಮೊದಲು, ಇಳಿಸಿದ ಕೆಲಸಗಳು ಯಾರ ತಲೆಯ ಮೇಲೆ ಏರಿದವೆಂದು ನೋಡಬೇಕು. ಒಬ್ಬರ ಒಲೆ ಹಗುರವಾಗುವುದಕ್ಕೆ ಇನ್ನೊಬ್ಬರು ಬೇಯಬಾರದು. ವಾರಕ್ಕೊಮ್ಮೆ ಮನೆಯವರೆಲ್ಲ ಕೂಡಿ ಕುಳಿತು ಆ ಬರೆಯದ ಪಟ್ಟಿಯನ್ನೂ ಬರೆದು ಹಂಚಿಕೊಳ್ಳುವುದೇ ನ್ಯಾಯ. ಅಳತೆಯ ಪಾಠವನ್ನು ನಮಗೆ ಕಲಿಸಿದವರು ಲಕ್ಕಮ್ಮನೆಂಬ ಗೃಹಿಣಿಯೆಂಬುದನ್ನು ಮರೆಯಬಾರದು.

ಕೊನೆಯದಾಗಿ, ‘ಎಲ್ಲವೂ ಶಿವನಿಚ್ಛೆ, ಪಟ್ಟಿಯೇ ಬೇಡ’ ಎನ್ನುವ ವೈರಾಗ್ಯಶಾಲಿಗಳಿದ್ದಾರೆ. ಇವರ ಮರೆವಿನ ಫಲವನ್ನು ಇವರು ಉಣ್ಣುವುದಿಲ್ಲ, ಸುತ್ತಲಿನವರು ಉಣ್ಣುತ್ತಾರೆ. ವಿಮೆಯ ಕಂತು ತಪ್ಪಿದರೆ ಕಷ್ಟ ಹೆಂಡತಿ ಮಕ್ಕಳಿಗೆ. ಅರ್ಜಿಯ ಕೊನೆಯ ದಿನ ಮೀರಿದರೆ ನಷ್ಟ ಮಗನಿಗೆ. ಉಗ್ರಾಣದ ಲೆಕ್ಕವನ್ನೇ ಬರೆಯದ ಮಠದಲ್ಲಿ ದಾಸೋಹ ಎಷ್ಟು ದಿನ ನಡೆದೀತು? ಮಿತಿಯನ್ನು ಬೋಧಿಸುವುದು ಅಲಕ್ಷ್ಯವನ್ನು ಬೋಧಿಸಿದಂತಲ್ಲ.

ಹಾಗಾದರೆ ಮಾಡತಕ್ಕದ್ದೇನು? ಕ್ರಮ ಸರಳವಾದುದು. ರಾತ್ರಿ ಮಲಗುವ ಮುನ್ನ ನಾಳೆಯ ಮೂರು ಕೆಲಸಗಳನ್ನು ಉಗ್ರಾಣದಿಂದ ಅಳೆದು ಚೀಟಿಯಲ್ಲಿ ಬರೆದಿಡಿ. ಯಾವುದು ತಪ್ಪಿದರೆ ಇನ್ನೊಬ್ಬರಿಗೆ ನೋವಾಗುವುದೋ ಅದು ಮೊದಲಿರಲಿ. ಹಗಲಿನಲ್ಲಿ ನೆನಪಿಗೆ ಬಂದ ಹೊಸ ಕೆಲಸಗಳನ್ನು ಉಗ್ರಾಣದ ಪುಸ್ತಕದಲ್ಲಿ ಬರೆಯಿರಿ, ಚೀಟಿಯಲ್ಲಿ ಬೇಡ. ಸಂಜೆ ಚೀಟಿಯಲ್ಲಿ ಉಳಿದುದನ್ನು ನಾಳೆಗೆ ಹಾಗೆಯೇ ನಕಲು ಮಾಡದೆ ಉಗ್ರಾಣಕ್ಕೆ ಹಿಂತಿರುಗಿಸಿ. ನಾಳೆಯದನ್ನು ಹೊಸದಾಗಿ ಅಳೆಯಿರಿ. ಹೀಗೆ ಮೂರು ಸಲ ಹಿಂತಿರುಗಿದ ಕೆಲಸವನ್ನು ಹಿಡಿದು ವಿಚಾರಣೆ ಮಾಡಿ. ಅದು ನಿಜವಾಗಿ ಮಾಡಬೇಕಾದುದಾದರೆ ನಾಳೆ ಮೊದಲನೆಯದಾಗಲಿ. ಬೇರೆಯವರು ಮಾಡಬಹುದಾದುದಾದರೆ ಅವರಿಗೆ ಹೇಳಿ. ಎರಡೂ ಅಲ್ಲವಾದರೆ ಹೊಡೆದು ಹಾಕಿ. ವಾರಕ್ಕೊಂದು ದಿನ, ಸೋಮವಾರವೇ ಇರಲಿ, ಉಗ್ರಾಣದ ಪಟ್ಟಿಯನ್ನು ಕಸಗುಡಿಸಿ. ಹುಳು ಹಿಡಿದ ಕಾಳನ್ನು ಯಾವ ಉಗ್ರಾಣದವರೂ ಭಕ್ತಿಯಿಂದ ಕಾಪಾಡುವುದಿಲ್ಲ.

ಹೊಡೆದು ಹಾಕುವಾಗ ಕೈ ನಡುಗುತ್ತದೆ, ಬಲ್ಲೆ. ‘ಸಂಸ್ಕೃತ ಕಲಿಯುವುದು’ ಎಂಬ ಸಾಲನ್ನು ಅಳಿಸಿದರೆ ಸಂಸ್ಕೃತ ಕಲಿತ ತನ್ನನ್ನೇ ಅಳಿಸಿದಂತೆ ಅನಿಸುತ್ತದೆ. ಉದ್ದನೆಯ ಪಟ್ಟಿಯ ಗುಟ್ಟು ಇಲ್ಲಿಯೇ ಇದೆ. ಅದು ನಾವು ಮಾಡುವ ಕೆಲಸಗಳ ಲೆಕ್ಕವಾಗಿರುವುದಕ್ಕಿಂತ ಹೆಚ್ಚಾಗಿ ನಾವು ಆಗಬಯಸಿದ ದೊಡ್ಡ ಮನುಷ್ಯನ ಭಾವಚಿತ್ರ. ಅದನ್ನು ಕೆಳಗಿಳಿಸಲು ಅಹಂಕಾರ ಒಪ್ಪುವುದಿಲ್ಲ. ಹೀಗಾಗಿ ಇದು ಕೇವಲ ವ್ಯವಸ್ಥೆಯ ಪ್ರಶ್ನೆಯಾಗಿ ಉಳಿಯದೆ ಸಾಧನೆಯ ಪ್ರಶ್ನೆಯೂ ಆಗುತ್ತದೆ. ನನ್ನ ಕೈ ಎರಡು, ನನ್ನ ದಿನ ಒಂದು ಎಂದು ಒಪ್ಪಿಕೊಳ್ಳುವುದು ವಿನಯದ ಮೊದಲ ಮೆಟ್ಟಿಲು.

ಆ ಅಧ್ಯಾಪಕರು ಅಂದು ಇಲ್ಲಿಯೇ ಕುಳಿತು ಅರವತ್ತೊಂದರಲ್ಲಿ ಹತ್ತೊಂಬತ್ತನ್ನು ಹೊಡೆದು ಹಾಕಿದರು. ಒಂಬತ್ತನ್ನು ಬೇರೆಯವರಿಗೆ ಒಪ್ಪಿಸಿದರು. ಉಳಿದುದನ್ನು ಉಗ್ರಾಣಕ್ಕೆ ಸೇರಿಸಿದರು. ಮರುದಿನದ ಚೀಟಿಯಲ್ಲಿ ತಂದೆಯ ಕಣ್ಣು ಮೊದಲನೆಯದಾಯಿತು. ಎರಡೂ ಕಣ್ಣುಗಳಲ್ಲಿ ಪೊರೆ ಬಲಿತಿತ್ತು. ಒಂದರ ಶಸ್ತ್ರಚಿಕಿತ್ಸೆಯಾಗಿದೆ, ಇನ್ನೊಂದರದು ಆಗಬೇಕಾಗಿದೆ. ಮೊನ್ನೆ ಆ ಹಿರಿಯರು ಶ್ರೀಮಠಕ್ಕೆ ಬಂದಾಗ ಗೋಡೆಯ ಮೇಲಿನ ಬರಹವನ್ನು ತಾವಾಗಿಯೇ ನಿಂತು ಓದಿದರು. ಮಗನ ಪುಸ್ತಕದಲ್ಲಿ ಇನ್ನೂ ಮೂವತ್ತು ಕೆಲಸಗಳು ಉಳಿದಿವೆ. ಉಳಿಯಲಿ, ಅವು ಉಗ್ರಾಣದಲ್ಲಿವೆ.